ಎರಡನೆಯ ಪರದೆ

ಡೆಹ್ರಾಡೂನ್
12-3-1967

ಅತ್ತಿಗೆಯವರಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಣ್ಣ ತೀರಿಕೊಂಡ ಮೇಲೆ ಮುಚ್ಚಿದ್ದ ಸ್ಟುಡಿಯೋ ಬಾಗಿಲನ್ನು ನೀವು ಮತ್ತೆ ತೆಗೆದಿದ್ದೀರಿ, ಅವನ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಂಡು ಕೂತಿದ್ದೀರಿ ಎಂದು ಸೋದರಮಾವ ಅಪ್ಪಯ್ಯಣ್ಣ ಬರೆದಿದ್ದಾರೆ. ಅವನ ಕ್ಯಾಮೆರಾ ಅಂದೆ, ತಪ್ಪು. ಅದು ನನ್ನದು. ನಾನು ಇಲ್ಲಿಯ ಕಾರ್ಖಾನೆಗೆ ಸೇರಿದ ಹೊಸದರಲ್ಲಿ, ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ಮೇಜರನ ಮನೆಯ ಹರಾಜಿನಲ್ಲಿ ಹಿಡಿದ ಜರ್ಮನ್ ಕ್ಯಾಮೆರಾ. ರಾಮಾಂಜಿನಣ್ಣ ಬಾಯಿಬಿಟ್ಟು ಕೇಳಿದ ಎಂದು ಬಳಸಲು ಕೊಟ್ಟೆ. ಬಳಸಲು, ಇಟ್ಟುಕೊಳ್ಳಲು ಅಲ್ಲ. ಕೊಟ್ಟದ್ದೂ ಅವನಿಗೆ, ನಿಮಗಲ್ಲ.

ಅದರ ವಿಚಾರ ನಿಮಗೇನು ಗೊತ್ತು? ಅದರ ಪುಟ್ಟ ಕಿಟಕಿಯಲ್ಲಿ ನೋಡಿದರೆ ಎದುರಿಗೆ ಕೂತವರ ಮುಖ ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತ ಹೋದಂತೆ ಆ ಎರಡು ಒಂದರ ಮೇಲೊಂದು ಕೂತು ಒಂದಾಗುತ್ತವೆ. ಆಗ ಒತ್ತಬೇಕು. ಒಳಗಿನ ಲೆಕ್ಕ ಕೂದಲೆಳೆಯಷ್ಟು ಜರುಗಿದರೂ ಚಿತ್ರ ಹಾಳು. ಇಲ್ಲಿ ಸೇನೆಯ ಫಿರಂಗಿಗಳಿಗೆ ದೂರ ಅಳೆಯುವ ಯಂತ್ರಗಳೂ ಇದೇ ತತ್ವದವು. ಅವುಗಳನ್ನು ಕಣ್ಣಿಟ್ಟು ಪರೀಕ್ಷಿಸುವುದು ನನ್ನ ಕೆಲಸ. ಅದಕ್ಕೇ ಹೇಳುತ್ತಿದ್ದೇನೆ. ಹತ್ತಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು ರಿಜಿಸ್ಟರ್ಡ್ ಪಾರ್ಸೆಲ್ ಮಾಡಿ. ಅಷ್ಟರೊಳಗೆ ಬೇರೆಯವರ ಕೈಗೆ ಕೊಡಬೇಡಿ.

ಸಂಜೀವಪ್ಪ


ದೊಡ್ಡಬಳ್ಳಾಪುರ
2-4-1967

ಸಂಜೀವಪ್ಪನವರಿಗೆ,

ಅಣ್ಣನ ತಿಥಿಗೆ ಬರಲು ರಜೆ ಸಿಗಲಿಲ್ಲ ಎಂದಿರಿ. ಕ್ಯಾಮೆರಾ ಕೇಳಿ ಎರಡು ಪುಟ ಬರೆಯಲು ಬಿಡುವು ಸಿಕ್ಕಿತಲ್ಲ, ಸಂತೋಷ.

ಕ್ಯಾಮೆರಾ ಕಳಿಸುವುದಿಲ್ಲ. ಇನ್ನೊಂದು ವಿಷಯ, ಅದನ್ನು ಆಗಲೇ ಬಿಚ್ಚಿ ಆಗಿದೆ. ನಿಮ್ಮಣ್ಣ ಜ್ವರದಲ್ಲಿ ಮಲಗಿದ್ದಷ್ಟು ದಿನವೂ ಅದು ಕಿಟಕಿಯ ಕಟ್ಟೆಯ ಮೇಲೆ, ಲೆನ್ಸಿಗೆ ಮುಚ್ಚಳವಿಲ್ಲದೆ, ಬಿಸಿಲಿಗೆ ಮುಖ ಮಾಡಿಕೊಂಡು ಕೂತಿತ್ತು. ನಾವು ಅವರನ್ನು ನೋಡಿಕೊಳ್ಳುತ್ತಿದ್ದೆವು, ಕ್ಯಾಮೆರಾವನ್ನಲ್ಲ. ಲೆನ್ಸಿನ ಮೂಲಕ ಇಳಿದ ಬಿಸಿಲು ಒಳಗಿನ ಬಟ್ಟೆಯ ಪರದೆಯನ್ನು ಸುಟ್ಟು ತೂತು ಮಾಡಿದೆ. ಯಾವ ಚಿತ್ರ ತೊಳೆದರೂ ಮುಖದ ಮೇಲೆ ಬಿಳಿ ಚುಕ್ಕೆಗಳು. ಹೊಸ ಮದುವಣಗಿತ್ತಿಯೊಬ್ಬಳ ಚಿತ್ರಕ್ಕೆ ಸಿಡುಬಿನ ಕಲೆ ಬಿದ್ದಂತಾಗಿ ಅವಳ ತಾಯಿ ಅಂಗಡಿಯಲ್ಲೇ ಅತ್ತುಬಿಟ್ಟರು.

ಬೆಂಗಳೂರಿನ ಅಂಗಡಿಯವನು ಬೊಂಬಾಯಿಗೆ ಕಳಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ಅಲ್ಲಿಯವರೆಗೆ ನಾನೂ ನಿಮ್ಮ ತಾಯಿಯೂ ಗಾಳಿ ಕುಡಿದು ಇರಲಾಗದು. ಮಗ್ಗ ರಿಪೇರಿಯ ಬೈರಪ್ಪನಿಂದ ಸಣ್ಣ ತಿರುಪುಳಿ ತಂದು ನಾನೇ ಬಿಚ್ಚಿದೆ. ಈಗ ಅದರ ತುಂಡುಗಳೆಲ್ಲ ನನ್ನ ಮೊರದಲ್ಲಿವೆ. ಬೇಕಾದರೆ ಬಂದು ಆರಿಸಿಕೊಳ್ಳಿ.

ಅನುಸೂಯಮ್ಮ


ಡೆಹ್ರಾಡೂನ್
13-4-1967

ಅನುಸೂಯಮ್ಮನವರಿಗೆ,

ನಿಮ್ಮ ಪತ್ರ ಓದಿ ಊಟ ಸೇರಲಿಲ್ಲ. ಮೊರದಲ್ಲಂತೆ, ಮೊರದಲ್ಲಿ.

ಪರದೆಗಳು ಎರಡಿವೆ ಎಂಬುದಾದರೂ ನಿಮ್ಮ ಕಣ್ಣಿಗೆ ಬಿತ್ತೋ? ಒಂದು ಓಡಿ ಬೆಳಕು ಬಿಡುತ್ತದೆ, ಇನ್ನೊಂದು ಅದರ ಹಿಂದೆಯೇ ಓಡಿ ಬೆಳಕು ಮುಚ್ಚುತ್ತದೆ. ಎರಡಕ್ಕೂ ಬೇರೆಬೇರೆ ಸ್ಪ್ರಿಂಗ್. ಆ ಸ್ಪ್ರಿಂಗುಗಳನ್ನು ಸಡಿಲಿಸುವ ಮೊದಲು ಎಷ್ಟು ಸುತ್ತು ಇತ್ತು ಎಂದು ಎಣಿಸಿಕೊಳ್ಳಬೇಕಿತ್ತು. ನೀವು ಎಣಿಸಿರುವುದಿಲ್ಲ. ತಿರುಪು ತೆಗೆದಿರುತ್ತೀರಿ, ಅದು ಸರ್ರನೆ ಬಿಚ್ಚಿಕೊಂಡಿರುತ್ತದೆ, ಬೈರಪ್ಪ ನಿಂತು ನಕ್ಕಿರುತ್ತಾನೆ. ಅವನಿಗೆ ಹಾಗೆ ಬಂದು ನಿಲ್ಲಲು ಅಪ್ಪಣೆ ಕೊಟ್ಟವರಾರು ಎಂದು ಊರಿನವರು ಕೇಳುವುದಿಲ್ಲವೆ?

ಆ ಪರದೆ ರಬ್ಬರು ಲೇಪಿಸಿದ ತೆಳು ರೇಷ್ಮೆ. ನೀವು ಕೊಡೆಯ ಬಟ್ಟೆ ಅಂಟಿಸುತ್ತೀರಿ, ನನಗೆ ಗೊತ್ತು. ಅಂಟು ಅಂಚಿನಿಂದ ಆಚೆ ಹರಿದರೆ ಪರದೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಬಟ್ಟೆಯ ನೇಯ್ಗೆ ಓರೆಯಾದರೆ ಓಟವೂ ಓರೆ. ಇದೆಲ್ಲ ತಿಳಿಯದವರು ಕೈಯಿಟ್ಟರೆ ಕ್ಯಾಮೆರಾ ಸತ್ತಂತೆ. ನೀವು ನನ್ನ ಮನೆಯಲ್ಲಿ ಸಾಯಿಸಿದ್ದು ಇದು ಎರಡನೆಯದು.

ಸಂಜೀವಪ್ಪ


ದೊಡ್ಡಬಳ್ಳಾಪುರ
20-8-1967

ಸಂಜೀವಪ್ಪನವರಿಗೆ,

ನಿಮ್ಮ ಕೊನೆಯ ವಾಕ್ಯವನ್ನು ನಾನು ಅತ್ತೆಗೆ ಓದಿ ಹೇಳಲಿಲ್ಲ. ನಿಮ್ಮ ಮೇಲಿನ ಕನಿಕರದಿಂದಲ್ಲ. ಆ ಮುದುಕಿ ತನ್ನ ಹೊಟ್ಟೆಯಲ್ಲಿ ಇಂಥದ್ದೂ ಹುಟ್ಟಿತಲ್ಲ ಎಂದು ಕೊರಗಬಾರದು ಎಂದು.

ಉಳಿದ ವಾಕ್ಯಗಳು ಉಪಯೋಗಕ್ಕೆ ಬಂದವು. ಅಂಟಿನ ಮಾತು, ನೇಯ್ಗೆಯ ಮಾತು. ಹೌದು, ಸ್ಪ್ರಿಂಗ್ ಸರ್ರನೆ ಬಿಚ್ಚಿಕೊಂಡಿತ್ತು. ಬೈರಪ್ಪ ನಗಲಿಲ್ಲ. ಸುತ್ತಿ, ಬಿಟ್ಟು, ಮತ್ತೆ ಸುತ್ತಿ ಸರಿಮಾಡಿಕೊಂಡೆ. ನಮ್ಮ ಬೀದಿಯಲ್ಲಿ ರೇಷ್ಮೆಗೇನು ಬರ? ಆದರೆ ಪವರ್‌ಲೂಮಿನ ಹೊಸ ರೇಷ್ಮೆ ದಪ್ಪವಾಯಿತು. ಸೈಕಲ್ ಪಂಕ್ಚರಿನ ಸಲ್ಯೂಷನ್ನಿಗೆ ದೀಪದ ಮಸಿ ಕಲಸಿ ಬಳಿದರೆ ತಗಡಿನ ಹಾಗೆ ಬಿರುಸಾಗಿ ಸುರುಳಿಯೇ ಸುತ್ತಲಿಲ್ಲ. ಕೊನೆಗೆ ನನ್ನ ಧಾರೆ ಸೀರೆಯ ಸೆರಗು ಕತ್ತರಿಸಿದೆ. ನನ್ನ ತಂದೆ ಕೈಮಗ್ಗದಲ್ಲಿ ನೇಯ್ದದ್ದು, ಉಂಗುರದಲ್ಲಿ ತೂರುವಷ್ಟು ತೆಳು. ಕೊಡೆಯ ಬಟ್ಟೆ ಎಂದಿರಲ್ಲ, ಅದಕ್ಕೆ ಹೇಳಿದೆ.

ಬಿಳಿ ಚುಕ್ಕೆ ಹೋಯಿತು. ಅತ್ತೆಯನ್ನು ಕೂರಿಸಿ ತೆಗೆದ ಚಿತ್ರ ಇದರೊಂದಿಗಿದೆ. ನೋಡಿಕೊಂಡು ಸುಮ್ಮನಿರಿ.

ಅನುಸೂಯಮ್ಮ


ಡೆಹ್ರಾಡೂನ್
4-9-1967

ಅನುಸೂಯಮ್ಮನವರಿಗೆ,

ನೋಡಿದೆ. ಸುಮ್ಮನಿರಲಾರೆ.

ಚಿತ್ರದ ಬಲ ಅಂಚು ಕಪ್ಪು. ನಿಮಗೆ ಅದು ನೆರಳಿನಂತೆ ಕಂಡಿರಬೇಕು. ನೆರಳಲ್ಲ. ಎರಡನೆಯ ಪರದೆಯ ಸ್ಪ್ರಿಂಗ್ ಬಿಗಿ ಹೆಚ್ಚಾಗಿ, ಅದು ಮೊದಲನೆಯದನ್ನು ಬೆನ್ನಟ್ಟಿ ಹಿಡಿಯುತ್ತಿದೆ. ಅರ್ಧ ಸುತ್ತು ಸಡಿಲಿಸುವ ಬುದ್ಧಿ ಯಾರಿಗಾದರೂ ಹೊಳೆಯಬೇಕಿತ್ತು.

ಅಮ್ಮ ಬಡವಾಗಿದ್ದಾಳೆ. ಚಿತ್ರದಲ್ಲಿ ಅವಳ ಕೊರಳ ಮೂಳೆ ಎಣಿಸಬಹುದು. ಹೊತ್ತಿಗೆ ಅನ್ನ ಹಾಕುತ್ತೀರೋ, ಇಲ್ಲ ಅವಳನ್ನು ಬೆಳಕಿನ ಮುಂದೆ ಕೂರಿಸಿ ನನ್ನ ಬಾಯಿ ಮುಚ್ಚಿಸಲು ಮಾತ್ರ ಇಟ್ಟುಕೊಂಡಿದ್ದೀರೋ? ನಮ್ಮ ಮನೆಯ ಹೆಂಗಸು ಪರಗಂಡಸರ ಗದ್ದ ಹಿಡಿದು ಇತ್ತ ನೋಡಿ ಅತ್ತ ನೋಡಿ ಎನ್ನುವುದನ್ನು ಸಹಿಸುವವನು ನಾನಲ್ಲ. ಅಪ್ಪಯ್ಯಣ್ಣ ಮಾವನಿಗೆ ಬರೆಯುತ್ತಿದ್ದೇನೆ. ಕುಲದ ಹಿರಿಯರು ಕೂತು ತೀರ್ಮಾನಿಸಲಿ.

ಸಂಜೀವಪ್ಪ


ದೊಡ್ಡಬಳ್ಳಾಪುರ
15-1-1969

ಸಂಜೀವಪ್ಪನವರಿಗೆ,

ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ನಿಮ್ಮ ಹಿರಿಯರು ಕಡೆಗೂ ಬಂದರು. ಅಪ್ಪಯ್ಯಣ್ಣ ಮುಂದೆ, ಉಳಿದವರು ಹಿಂದೆ. ಜಮಖಾನೆ ಹಾಸಿ ಕೂರಿಸಿದೆ. ವಸ್ತು ಸಂಜೀವಪ್ಪನದು, ಕೊಟ್ಟುಬಿಡಮ್ಮ, ಮನೆಯ ಮರ್ಯಾದೆ ಉಳಿಸಮ್ಮ ಎಂದು ಅವರು ಒಂದೇ ಸಮನೆ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ತಾಯಿ ಒಳಗಿನಿಂದ ಬಂದು ನಡುವೆ ಕೂತರು. ಅವರು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ.

"ಲೇ ಅಪ್ಪಯ್ಯ, ಈ ಮನೇಲಿ ಒಲೆ ಉರೀತಿರೋದು ಆ ಡಬ್ಬದಿಂದ ಕಣೋ. ಕಳಿಸೋದಾದ್ರೆ ನನ್ನೂ ಅದೇ ಪೆಟ್ಟಿಗೇಲಿಟ್ಟು ಪಾರ್ಸಲ್ ಮಾಡ್ಬಿಡು. ಡೆಹ್ರಾಡೂನ್‌ನಾಗೆ ಅವನೇ ಹೊತ್ಹೊತ್ತಿಗೆ ಅನ್ನ ಹಾಕ್ಲಿ."

ಹಿರಿಯರು ಮಜ್ಜಿಗೆ ಕುಡಿದು ಎದ್ದರು.

ಗಂಡಸರ ಗದ್ದದ ಚಿಂತೆ ನಿಮಗೆ ಬೇಡ. ನನ್ನಲ್ಲಿಗೆ ಬರುವವರು ಹೆಚ್ಚಾಗಿ ಹೆಂಗಸರು. ಗಂಡಸು ಕ್ಯಾಮೆರಾ ಹಿಡಿದರೆ ತಲೆಯೆತ್ತದವರು ನನ್ನ ಮುಂದೆ ಮಗುವಿಗೆ ಹಾಲೂಡಿಸುತ್ತಲೇ ಕೂರುತ್ತಾರೆ. ಅವರಿಗೆ ಮುಖ ದೊಡ್ಡದಾಗಿ ಬೇಕು. ಅದಕ್ಕಾಗಿ ಮುರಿದ ಹಳೆಯ ಕ್ಯಾಮೆರಾ ಒಂದರ ಉದ್ದನೆಯ ಲೆನ್ಸನ್ನು ಇದಕ್ಕೆ ಕೂರಿಸಿದ್ದೇನೆ. ನಡುವಿನ ಹಿತ್ತಾಳೆ ಬಳೆ ಬೈರಪ್ಪ ಕಡೆದು ಕೊಟ್ಟದ್ದು. ಕುಂದಾಣದ ಒಬ್ಬ ತಾಯಿ ಮಗುವಿನ ಚಿತ್ರ ಕಳಿಸಿದ್ದೇನೆ. ಈ ಸಲ ಯಾವ ಕೊಂಕು ತೆಗೆಯುತ್ತೀರೋ ನೋಡೋಣ.

ಅನುಸೂಯಮ್ಮ


ಡೆಹ್ರಾಡೂನ್
2-3-1969

ಅನುಸೂಯಮ್ಮನವರಿಗೆ,

ಕೊಂಕು ತೆಗೆಯುವ ಶ್ರಮವೇ ಬೇಡ. ಚಿತ್ರ ಪೂರ್ತಿ ಮಸುಕು. ನಮ್ಮ ಪರೀಕ್ಷಾ ಕೊಠಡಿಯ ಭೂತಗನ್ನಡಿ ಹಿಡಿದು ನೋಡಿದೆ. ತಾಯಿಯ ಕಣ್ಣಿಲ್ಲ, ಹುಬ್ಬಿಲ್ಲ, ಮಗುವಿನ ಮುಖ ಹಿಟ್ಟಿನ ಉಂಡೆ. ಇದನ್ನು ಕೈಗೆ ತೆಗೆದುಕೊಂಡು ಹೋದ ಆ ಹೆಂಗಸು ಯಾವ ಪಾಪ ಮಾಡಿದ್ದಳೋ.

ಬೈರಪ್ಪನ ಬಳೆ ದಪ್ಪ. ಲೆನ್ಸ್ ಇರಬೇಕಾದ್ದಕ್ಕಿಂತ ಮುಂದೆ ಕೂತಿದೆ. ಬಳೆಯನ್ನು ಸಮನಾಗಿ ಉಜ್ಜಿ ತೆಳುಮಾಡಿ, ಕಿಟಕಿಯ ಹಿಂದಿನ ಹೊಂದಿಕೆ ತಿರುಪನ್ನೂ ಅದಕ್ಕೆ ತಕ್ಕಂತೆ ತಿರುಗಿಸಬೇಕು. ಇದನ್ನು ನಿಮಗೆ ಕಲಿಸುವ ಉದ್ದೇಶದಿಂದ ಬರೆಯುತ್ತಿಲ್ಲ. ನನ್ನ ವಸ್ತು ಕೈ ಸೇರುವವರೆಗೆ ಅದರ ಮಾನ ಕಳೆಯಬೇಡಿ ಎಂದು.

ಸಂಜೀವಪ್ಪ


ದೊಡ್ಡಬಳ್ಳಾಪುರ
9-6-1969

ಸಂಜೀವಪ್ಪ,

ಇನ್ನು 'ಅವರು' 'ಇವರು' ಬೇಡ. ನೀನು ಅದಕ್ಕೆ ಯೋಗ್ಯನಲ್ಲ.

ನೀನು ಬೈದೆ, ನಾನು ಬೈಗುಳದೊಳಗಿನ ವಿದ್ಯೆಯನ್ನು ನಂಬಿದೆ. ಅಂಟಿನ ವಿಷಯ ನಿಜವಾಗಿತ್ತು, ಎರಡನೆಯ ಪರದೆಯ ವಿಷಯ ನಿಜವಾಗಿತ್ತು. ಆದ್ದರಿಂದ ಇದನ್ನೂ ನಂಬಿದೆ. ನನ್ನ ಕಣ್ಣಿಗೆ ಆ ಚಿತ್ರ ಚೊಕ್ಕವಾಗಿಯೇ ಕಾಣುತ್ತಿತ್ತು, ಆದರೂ ಹಗಲೆಲ್ಲ ಯಂತ್ರದಲ್ಲಿ ಕಣ್ಣಿಟ್ಟವನು ನನಗಿಂತ ಹೆಚ್ಚು ಕಂಡಿರಬೇಕು ಅಂದುಕೊಂಡೆ. ಬೈರಪ್ಪ ಬೇಡ ಎಂದ. ಅವನ ಕೈಯಿಂದ ಬಳೆ ಕಿತ್ತುಕೊಂಡು ನಾನೇ ಉಜ್ಜಿದೆ, ತಿರುಪು ತಿರುಗಿಸಿದೆ. ಮರುದಿನವೇ ದೇವನಹಳ್ಳಿಯಲ್ಲಿ ಮುನಿಶಾಮಪ್ಪನ ಮಗಳ ಮದುವೆ. ಒಂದು ರೋಲು ಪರೀಕ್ಷೆ ಮಾಡಿ ನೋಡಲೂ ವೇಳೆಯಿರಲಿಲ್ಲ.

ತೊಳೆದು ನೋಡಿದರೆ ಹಿಂದಿನ ಗೋಡೆಯ ಸುಣ್ಣದ ಗೆರೆ ಗೆರೆಯೂ ಕಾಣುತ್ತದೆ, ಮುಂದೆ ನಿಂತ ಒಂದು ಮುಖವೂ ಗುರುತು ಸಿಗುವುದಿಲ್ಲ. ಆ ಹುಡುಗಿಯ ತಾಯಿಗೆ ಎದೆಯ ರೋಗ. ಮಗಳ ಧಾರೆ ಕಣ್ಣಾರೆ ನೋಡಿ, ಹಿಂದೂಪುರದ ಬಸ್ಸು ಹತ್ತಿಸಿ ಬಂದು ಮಲಗಿದವಳು ಏಳಲಿಲ್ಲ. ತಾಯಿ ಮಗಳು ಒಟ್ಟಿಗಿರುವ ಚಿತ್ರ ಅವರ ಮನೆಯಲ್ಲಿ ಅದೊಂದೇ. ಮುನಿಶಾಮಪ್ಪ ಬೈಯಲಿಲ್ಲ. ಚಿತ್ರಗಳನ್ನು ನನ್ನ ಮೇಜಿನ ಮೇಲಿಟ್ಟು, "ಇದ್ರಾಗೆ ನನ್ನ ಹೆಂಡ್ತಿ ಯಾರು ತೋರ್ಸಮ್ಮ" ಅಂದ. ನಾನು ಬೆರಳಿಟ್ಟು ತೋರಿಸಿದೆ. ಎದ್ದು ಹೋದ.

ಕುಂದಾಣದ ಚಿತ್ರದ ಇನ್ನೊಂದು ಪ್ರತಿ ನನ್ನಲ್ಲಿತ್ತು. ಬೆಂಗಳೂರಿನ ಅಂಗಡಿಯವನ ಮುಂದೆ ಇಟ್ಟೆ. ಅವನು ಗಾಜು ಹಿಡಿದು ನೋಡಿ, ತಾಯಿಯ ರೆಪ್ಪೆಗೂದಲು ಎಣಿಸಬಹುದಲ್ಲಮ್ಮ, ಇದಕ್ಕೇನಾಗಿದೆ ಎಂದ.

ಅಲ್ಲಿಗೆ ನೀನು ಸುಳ್ಳು ಬರೆದೆ. ಹಿರಿಯರಿಂದ ಆಗದ್ದನ್ನು ಹೀಗೆ ಮಾಡಿದೆ, ನನ್ನ ಕೈಯಿಂದಲೇ ನನ್ನ ಅನ್ನಕ್ಕೆ ಮಣ್ಣು ಹಾಕಿಸಿದೆ. ಇನ್ನು ಬರೆಯಬೇಡ. ಬರೆದರೆ ಒಲೆಗೆ.

ಅನುಸೂಯಮ್ಮ


ಡೆಹ್ರಾಡೂನ್
30-6-1969

ಅನುಸೂಯಮ್ಮನವರಿಗೆ,

ಸುಳ್ಳು ಬರೆಯುವುದು ನನ್ನ ಜಾಯಮಾನವಲ್ಲ. ಕಂಡದ್ದನ್ನು ಬರೆದೆ.

ಸಂಜೀವಪ್ಪ


ಡೆಹ್ರಾಡೂನ್
18-2-1971

ಅನುಸೂಯಮ್ಮನವರಿಗೆ,

ಈ ಅಕ್ಷರ ನನ್ನದಲ್ಲ. ಇಲ್ಲಿ ಸೇನೆಯಲ್ಲಿರುವ ಹೊಸಕೋಟೆಯ ಕೊಂಡಪ್ಪ ಎಂಬುವರು ನಾನು ಹೇಳಿದಂತೆ ಬರೆಯುತ್ತಿದ್ದಾರೆ. ಒಲೆಗೆ ಹಾಕುವುದಾದರೆ ಓದಿ ಹಾಕಿ.

ನಿಮ್ಮ ಪತ್ರ ಬಂದ ವಾರ ನಾನು ಆ ಕುಂದಾಣದ ಚಿತ್ರವನ್ನು ಕಾರ್ಖಾನೆಗೆ ಒಯ್ದೆ. ಬೆಂಗಳೂರಿನ ಅಂಗಡಿಯವನ ಮಾತು ನನಗೆ ಸಾಲದು, ನಾಲ್ಕು ಜನರ ಮುಂದೆ ನಿಮ್ಮ ಕೆಲಸದ ಯೋಗ್ಯತೆ ತೋರಿಸಿ ಅದನ್ನು ನಿಮಗೆ ಬರೆಯಬೇಕೆಂದಿದ್ದೆ. ಪಕ್ಕದ ಮೇಜಿನವನು ನೋಡಿ, ಚೆನ್ನಾಗಿದೆ, ಯಾರು ತೆಗೆದದ್ದು ಎಂದ. ಇನ್ನೊಬ್ಬನೂ ಹಾಗೇ ಅಂದ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರ ಕೈಯಿಂದ ಭೂತಗನ್ನಡಿ ಕಸಿದು ನೋಡಿದೆ. ನನಗೆ ಅದೇ ಹಿಟ್ಟಿನ ಉಂಡೆ. ಆಗ ಮೇಲ್ವಿಚಾರಕ ನನ್ನನ್ನೇ ನೋಡುತ್ತಿದ್ದ.

ಎರಡು ಕಣ್ಣಿನ ನರವೂ ಒಣಗುತ್ತಿದೆಯಂತೆ. ಶಸ್ತ್ರಚಿಕಿತ್ಸೆಗೆ ಬಗ್ಗುವುದಲ್ಲ. ನಿಧಾನವಾಗಿ ಬಂದದ್ದರಿಂದ ನನಗೇ ತಿಳಿಯಲಿಲ್ಲ. ಓದುವಾಗ ದೀಪ ಮಂದ ಎಂದೆ, ಕನ್ನಡಕ ಹಳತು ಎಂದೆ. ಮೊದಲು ನನ್ನನ್ನು ಉಗ್ರಾಣಕ್ಕೆ ಹಾಕಿದರು, ಕಳೆದ ತಿಂಗಳು ಮನೆಗೆ ಕಳಿಸಿದರು. ಈಗ ಮುಖಗಳ ಅಂಚು ಮಾತ್ರ ಕಾಣುತ್ತದೆ.

ಇದನ್ನು ನಿಮ್ಮ ಸಹಾನುಭೂತಿಗಾಗಿ ಬರೆಸುತ್ತಿಲ್ಲ. ಸುಳ್ಳುಗಾರ ಎಂದಿರಿ. ಅದೊಂದು ಮಾತನ್ನು ಹಿಂತೆಗೆದುಕೊಳ್ಳಿ. ಬೇರೆ ಏನೂ ಬೇಡ.

ಸಂಜೀವಪ್ಪ


ದೊಡ್ಡಬಳ್ಳಾಪುರ
7-3-1971

ಸಂಜೀವಪ್ಪ,

ಹಿಂತೆಗೆದುಕೊಂಡೆ. ಆ ಒಂದು ಮಾತು ಮಾತ್ರ. ಉಳಿದವು ಇದ್ದಲ್ಲೇ ಇರಲಿ.

ಅಯ್ಯೋ ಪಾಪ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಮುನಿಶಾಮಪ್ಪ ಈಗಲೂ ಸಂತೆಯಲ್ಲಿ ಎದುರಾದರೆ ನಾನು ಬೇರೆ ದಾರಿ ಹಿಡಿಯುತ್ತೇನೆ. ನಿನಗೆ ಕಾಣದೆ ಆಯಿತೋ ಕಂಡೂ ಆಯಿತೋ, ಆ ಚಿತ್ರಗಳು ಮಸುಕೇ.

ನಿನ್ನ ತಾಯಿಗೆ ಪತ್ರ ಓದಿ ಹೇಳಿದೆ. ಅವರು ಅಳಲಿಲ್ಲ. ಇವತ್ತಿಗೂ ಊಟಕ್ಕೆ ಕೂತಾಗ ನಾವಿಬ್ಬರೇ ಇದ್ದರೂ ಅವರು ಹಾಕುವ ಮೂರನೇ ತಟ್ಟೆ ಯಾರಿಗೆ ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಮುಖದ ಅಂಚಾದರೂ ಕಾಣುವಾಗ ಬಂದು ಅವರ ಮುಖ ನೋಡಿಕೊಂಡು ಹೋಗು. ಕ್ಯಾಮೆರಾವೂ ಇಲ್ಲೇ ಇದೆ. ತೆಗೆದುಕೊಂಡು ಹೋಗುವುದಾದರೆ ಹೋಗು, ಇನ್ನು ಜಗಳಾಡುವ ತ್ರಾಣ ನನಗಿಲ್ಲ.

ಅನುಸೂಯಮ್ಮ


ದೊಡ್ಡಬಳ್ಳಾಪುರ
11-7-1971

ಸಂಜೀವಪ್ಪ,

ಇದೇನು ನಡತೆ? ಕೊಂಡಪ್ಪನವರ ತೋಳು ಹಿಡಿದು ಬಂದೆ, ತಾಯಿಯ ಕೈಯಲ್ಲಿ ಉಂಡೆ, ನನ್ನೊಂದಿಗೆ ದಿನಾ ಜಗಳವಾಡಿದೆ. ಪುಳಿಯೋಗರೆಗೆ ಉಪ್ಪು ಸಾಲದು ಎಂದೆ, ಬೀದಿಯ ಮಗ್ಗಗಳ ಸದ್ದಿನಲ್ಲಿ ನಾವೆಲ್ಲ ಕಿವುಡರಾಗಿದ್ದೇವೆ, ಕಿರುಚಿ ಮಾತಾಡುತ್ತೇವೆ ಎಂದೆ. ಕ್ಯಾಮೆರಾ ಕೈಗೆ ಕೊಟ್ಟರೆ ಕಿವಿಯ ಹತ್ತಿರ ಹಿಡಿದು ಒತ್ತಿ ಒತ್ತಿ ಕೇಳಿ, ಪರದೆಯ ನಿಧಾನದ ವೇಗಗಳು ಸುಳ್ಳು ಹೇಳುತ್ತಿವೆ ಎಂದೆ. ನಿಜವೇ ಇತ್ತು. ಬೈರಪ್ಪನಿಗೂ ನನಗೂ ಆ ವ್ಯತ್ಯಾಸ ಯಾವತ್ತೂ ಕೇಳಿಸಿರಲಿಲ್ಲ.

ಆಮೇಲೆ ಆ ಮಧ್ಯಾಹ್ನ. ಆ ಮದುವೆಯ ಚಿತ್ರಗಳು ಕೆಟ್ಟಾಗಿನಿಂದ ನಾನು ಕ್ಯಾಮೆರಾದ ಕಿಟಕಿಯನ್ನು ನಂಬದೆ, ಅಂದಾಜಿನ ಮೇಲೆ, ದಾರ ಹಿಡಿದು ಅಳೆದು ಚಿತ್ರ ತೆಗೆಯುತ್ತಿದ್ದೇನೆ ಎಂದಾಗ ನೀನು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತೆ. ಬೈರಪ್ಪ ನಾನು ಉಜ್ಜಿ ಸವೆಸಿದ್ದ ಬಳೆಯ ಅಡಿಗೆ ತೆಳು ತಗಡಿಟ್ಟು ಕೊಟ್ಟ. ನೀನು ಬೆರಳಿನಿಂದ ತಡವಿ ತಿರುಪು ಹುಡುಕಿದೆ. ದೂರದ ರೈಲ್ವೆ ಸಿಗ್ನಲ್ ಕಂಬ ನೋಡಿ ಎಂದು ನನಗೆ ಹೇಳಿದೆ.

"ಎಷ್ಟು ಕಂಬ?"

"ಎರಡು."

"ಎರಡನೇದು ಯಾವ ಕಡೆ?"

"ಎಡಕ್ಕೆ."

"ಈಗ?"

"ಇನ್ನೂ ಎಡಕ್ಕೇ. ದಾಟ್ತು, ದಾಟಿ ಹೋಯ್ತು."

"ದಾಟೋವರ್ಗೂ ಬಾಯಿ ಮುಚ್ಕೊಂಡು ಏನ್ ನೋಡ್ತಿದ್ರಿ?"

"ನಿನ್ನ ತಿರುಪುಳಿ ಜಾರ್ತಿತ್ತು. ಅದನ್ನ ನೋಡ್ತಿದ್ದೆ."

ನೀನು ತಿರುಪುಳಿಯನ್ನು ನನ್ನತ್ತ ಚಾಚಿ, ನೀವೇ ತಿರುಗಿಸಿ, ನಾನು ಹಿಡಿದಿರುತ್ತೇನೆ ಎಂದೆ. ಕಂಬ ಒಂದಾಯಿತು. ಒಂದಾಯಿತು ಎಂದು ನಾನು ಹೇಳಿದ್ದು ಬೀದಿಯ ಆ ತುದಿಗೆ ಕೇಳಿಸಿರಬೇಕು.

ಆ ಸಂಜೆ ಕ್ಯಾಮೆರಾ ಕಟ್ಟಿಕೊಡಿ, ನಾಳೆ ಒಯ್ಯುತ್ತೇನೆ ಎಂದೆ. ಕಟ್ಟಿದೆ. ಹತ್ತಿ ಸುತ್ತುವಾಗ ನನಗೆ ಏನಾಗುತ್ತಿತ್ತು ಎಂದು ನಿನಗೆ ಕಾಣಿಸಲಿಲ್ಲ, ಒಳ್ಳೆಯದಾಯಿತು. ಬೆಳಿಗ್ಗೆ ನಾವು ಏಳುವಷ್ಟರಲ್ಲಿ ನೀನೂ ಇಲ್ಲ, ಕೊಂಡಪ್ಪನವರೂ ಇಲ್ಲ. ಮೇಜಿನ ಮೇಲೆ ಪೆಟ್ಟಿಗೆ ಹಾಗೇ ಇದೆ. ಮರೆತದ್ದೋ, ಬಿಟ್ಟದ್ದೋ? ಬಿಟ್ಟದ್ದಾದರೆ ನನಗೆ ನಿನ್ನ ಧರ್ಮ ಬೇಡ. ಪೆಟ್ಟಿಗೆ ಬಿಚ್ಚದೆ ಇಟ್ಟಿದ್ದೇನೆ. ಅಂಗಡಿಯ ಬಾಗಿಲೂ ಹಾಕಿದೆ.

ಅನುಸೂಯಮ್ಮ


ಡೆಹ್ರಾಡೂನ್
28-7-1971

ಅನುಸೂಯಮ್ಮನವರಿಗೆ,

ಮರೆತದ್ದಲ್ಲ. ಬಿಟ್ಟದ್ದೂ ಅಲ್ಲ. ಕ್ಯಾಮೆರಾ ಈಗಲೂ ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿಗೆ ತಂದರೆ ಪೆಟ್ಟಿಗೆಯೊಳಗೆ ಕೂತು ಅದರ ಎಣ್ಣೆ ಗಟ್ಟಿಯಾಗುತ್ತದೆ. ಓಡುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. ಓಡಿಸುವವರು ಬೇರೆ ಯಾರೂ ಸಿಗದ ಕಾರಣ ನಿಮ್ಮ ಬಳಿ ಇರಲಿ.

ಬೆಳಿಗ್ಗೆ ಹೇಳದೆ ಹೊರಟದ್ದು ಅಮ್ಮನ ಕಾರಣ. ಅವಳು ಎದ್ದಿದ್ದರೆ ನನ್ನ ಮುಖ ಮುಟ್ಟುತ್ತಿದ್ದಳು. ಅಲ್ಲಿಂದ ಹೊರಡುವುದು ನನ್ನಿಂದ ಆಗುತ್ತಿರಲಿಲ್ಲ.

ಪೆಟ್ಟಿಗೆ ಬಿಚ್ಚಿ. ಅಂಗಡಿ ತೆಗೆಯಿರಿ. ಕ್ಯಾಮೆರಾ ಕೆಟ್ಟರೆ ಮಾತ್ರ ಬರೆಯಿರಿ. ಬೇರೆ ಕಾರಣಕ್ಕೆ ಬೇಡ. ಕೊಂಡಪ್ಪನವರಿಗೆ ಕಾಶ್ಮೀರಕ್ಕೆ ವರ್ಗವಾಗಿದೆ, ಇನ್ನು ಓದಿ ಹೇಳುವವರನ್ನು ಹುಡುಕಬೇಕು.

ಸಂಜೀವಪ್ಪ


ದೊಡ್ಡಬಳ್ಳಾಪುರ
16-8-1971

ಸಂಜೀವಪ್ಪ,

ಇದನ್ನು ಯಾರು ಓದಿ ಹೇಳುತ್ತಿದ್ದಾರೋ ಅವರಿಗೆ ನಮಸ್ಕಾರ. ದಯವಿಟ್ಟು ಗಟ್ಟಿಯಾಗಿ ಓದಿ, ಅವನು ಅರ್ಧಕ್ಕೆ ಸಾಕು ಎನ್ನುತ್ತಾನೆ.

ಕ್ಯಾಮೆರಾ ಕೆಟ್ಟಿದೆ.

ಏನಾಗಿದೆ ಎಂದು ಬರೆಯಲು ನನಗೆ ಬರುವುದಿಲ್ಲ. ಬೈರಪ್ಪನಿಗೂ ತಿಳಿಯುತ್ತಿಲ್ಲ. ಕಿವಿಗೆ ಹಿಡಿದು ಕೇಳಿದವರೇ ಹೇಳಬೇಕು. ಬೆಂಗಳೂರಿನ ಅಂಗಡಿಯವನು ರಿಪೇರಿಗೆ ಕಳಿಸಿದ ಇನ್ನೂ ಕೆಲವು ಕ್ಯಾಮೆರಾ ಬಂದು ಕೂತಿವೆ, ಅವೂ ಕೆಟ್ಟಿವೆ. ಹಿಂದಿನ ಕೋಣೆಯ ರೀಲು, ಪೆಟ್ಟಿಗೆಗಳನ್ನೆಲ್ಲ ಆಚೆ ಹಾಕಿಸಿ ಮಂಚ ಹಾಕಿಸಿದ್ದೇನೆ. ಅದರ ಕಿಟಕಿಗೆ ಹಲಗೆ ಹೊಡೆಸಿದೆ, ಮಗ್ಗದ ಸದ್ದು ಅಲ್ಲಿಗೆ ಬರುವುದಿಲ್ಲ. ಉಪ್ಪು ನೀನೇ ಹಾಕಿಕೊಳ್ಳಬೇಕು.

ದಸರೆಯೊಳಗೆ ಬಾ. ತಂತಿ ಕೊಟ್ಟರೆ ಬೈರಪ್ಪ ಬೆಂಗಳೂರು ಸ್ಟೇಷನ್ನಿಗೇ ಬಂದಿರುತ್ತಾನೆ. ಜಗಳಕ್ಕೆ ಏನೂ ಕೊರತೆಯಾಗದಂತೆ ನಾನು ನೋಡಿಕೊಳ್ಳುತ್ತೇನೆ. ಈ ಸಲ ಮಾತ್ರ, ಹೊರಡುವುದಾದರೆ ಎಬ್ಬಿಸಿ ಹೇಳಿ ಹೊರಡು.

ಅನುಸೂಯಮ್ಮ